ಒಂದು ಗೇಣು, ನಾಲ್ಕು ಬೆರಳು

ಮೂರನೇ ಅಧ್ಯಾಯ ಮುಗಿಯುವ ಮೊದಲೇ ತಂಗಿ ಹೆಡ್‌ಫೋನ್ ತೆಗೆದಿಟ್ಟು, "ಅಕ್ಕಾ, ಅವನೇ ತಾನೇ?" ಅಂದಳು. ಕಾದಂಬರಿಯಲ್ಲಿ ಅವನ ಮೇಲೆ ಅನುಮಾನ ಹುಟ್ಟಬೇಕಾದದ್ದು ಹದಿನೇಳನೇ ಅಧ್ಯಾಯದಲ್ಲಿ. ಲೇಖಕಿ ಎಲ್ಲೂ ಸುಳಿವು ಕೊಟ್ಟಿರಲಿಲ್ಲ. ಗುಟ್ಟು ಬಿಟ್ಟುಕೊಟ್ಟದ್ದು ನನ್ನ ಗಂಟಲು.

ನಾನು ಓದಿದ ಮೊದಲ ಸೈಕಲಾಜಿಕಲ್ ಥ್ರಿಲ್ಲರ್ ಆಡಿಯೋಬುಕ್ ಅದು. ರಕ್ತವಿಲ್ಲ, ಬೈಗುಳವಿಲ್ಲ, ಮಲಗುವ ಕೋಣೆಯೊಳಗೆ ಕಥೆ ಹೋಗುವುದೇ ಇಲ್ಲ. ತನ್ನ ನೆನಪನ್ನೇ ನಂಬಲಾಗದ ಒಬ್ಬಳು, ಅವಳಿಗೆ ಆಸರೆಯಾಗಿ ಬರುವ ಒಬ್ಬ, ನಡುವೆ ಮೆಲ್ಲಗೆ ಚಿಗುರುವ ಪ್ರೀತಿ. ಮನೆಮಂದಿಯೆಲ್ಲ ಕೇಳಬಹುದಾದದ್ದು, ಓದುವುದೂ ಸಲೀಸು ಅಂದುಕೊಂಡು ಒಪ್ಪಿದ್ದೆ. ಕಿರುಚಾಟ, ಕೊಲೆ ತುಂಬಿದ ಪುಸ್ತಕವೇ ಸಲೀಸು ಅಂತ ಆಮೇಲೆ ಗೊತ್ತಾಯಿತು. ಅಲ್ಲಿ ಭಯವನ್ನು ಘಟನೆಗಳೇ ಹೊತ್ತುಕೊಂಡಿರುತ್ತವೆ. ಇಲ್ಲಿ ಬಾಗಿಲು ಕಿರ್ ಎನ್ನುವುದಷ್ಟೇ ಇರುವುದು, ಮಿಕ್ಕದ್ದೆಲ್ಲ ಓದುವವಳ ಪಾಲಿಗೆ.

ರೆಕಾರ್ಡಿಂಗಿಗೆ ಮುಂಚೆ ಇಡೀ ಪುಸ್ತಕ ಓದಿ, ಪಾತ್ರಕ್ಕೊಂದು ಬಣ್ಣದ ಪೆನ್ನಿನಲ್ಲಿ ಗುರುತು ಹಾಕುವುದು ನನ್ನ ರೂಢಿ. ಅದೇ ಈ ಸಲ ಕೈಕೊಟ್ಟಿತು. ಕೊನೆ ಗೊತ್ತಿದ್ದರಿಂದ ಅವನ ಮಾತು ಬಂದಾಗಲೆಲ್ಲ ನನ್ನ ದನಿ ತಾನಾಗಿಯೇ ಒಂದು ಮೆಟ್ಟಿಲು ಇಳಿಯುತ್ತಿತ್ತು. ಅವನ ಭಾಗಗಳನ್ನಷ್ಟೇ ಮತ್ತೆ ಓದಿ ತೇಪೆ ಹಾಕಲು ನೋಡಿದೆ. ಬೇರೆ ದಿನದ ದನಿ ಬೇರೆಯೇ ಆಗಿ ಕೇಳಿಸಿತು. ಮೂರೂ ಅಧ್ಯಾಯ ಅಳಿಸಿ ಮೊದಲಿನಿಂದ ಓದಿದೆ. ಈಗ ಪ್ರತಿ ಅಧ್ಯಾಯದ ತಲೆಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟುಕೊಳ್ಳುತ್ತೇನೆ: 'ಇವಳಿಗೆ ಇಲ್ಲಿಯವರೆಗೆ ಗೊತ್ತಿರುವುದು ಇಷ್ಟೇ.'

ಇನ್ನು ದೂರದ ಮಾತು. ಮೈಕಿಗೂ ಬಾಯಿಗೂ ಸಾಮಾನ್ಯವಾಗಿ ಒಂದು ಗೇಣು ಬಿಡುತ್ತೇನೆ, ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ. ಕಾರ್ಡಿಯಾಯ್ಡ್ ಮೈಕಿಗೆ, ಅಂದರೆ ಎದುರಿನ ಸದ್ದನ್ನೇ ಹೆಚ್ಚಾಗಿ ಹಿಡಿಯುವ ಮೈಕಿಗೆ, ಇನ್ನೂ ಹತ್ತಿರ ಹೋದರೆ ದನಿಯಲ್ಲಿ ಮಂದ್ರ ಏರುತ್ತದೆ, ಕಿವಿಯ ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ. ಪ್ರೀತಿಯ ಸನ್ನಿವೇಶಗಳಿಗೆ ನಾಲ್ಕು ಬೆರಳಿನಷ್ಟು ದೂರ ಇಟ್ಟುಕೊಂಡೆ. ಭಯದ ಕಡೆಯೂ ಅಷ್ಟೇ ಇಟ್ಟು ನೋಡಿದೆ, ಎರಡೂ ಒಂದೇ ಥರ ಕೇಳಿಸಿತು. ಮೊದಲು ತಪ್ಪು ಅನ್ನಿಸಿತು, ಆಮೇಲೆ ಅದೇ ಈ ಕಥೆಯ ಮೈ ಅನ್ನಿಸಿತು. ಹತ್ತಿರ ಬಂದವನೇ ಇವಳಿಗೆ ಅಪಾಯ ತಾನೇ? ಹಾಗೇ ಬಿಟ್ಟೆ. ಅಷ್ಟು ಹತ್ತಿರದಲ್ಲಿ 'ಭಯ' ಅಂದರೆ ಆ ಮಹಾಪ್ರಾಣದ ಗಾಳಿ ಮೈಕಿಗೆ ಬಡಿಯುತ್ತದೆ. ಗಾಳಿ ತಡೆಯುವ ಪರದೆ, ಪಾಪ್ ಫಿಲ್ಟರ್, ಇದ್ದರೂ ಮೈಕನ್ನು ಬಾಯಿಯ ನೇರದಿಂದ ತುಸು ಓರೆಗೆ ತಿರುಗಿಸಿಕೊಂಡೆ.

ಪಿಸುಮಾತನ್ನು ನಿಜವಾಗಿ ಪಿಸುಗುಟ್ಟಿದರೆ ಕೆಲಸಕ್ಕೆ ಬರುವುದಿಲ್ಲ. ಮಟ್ಟ ಏರಿಸಿದ ಕೂಡಲೇ ಬರೀ ಸ್ಸ್ ಸ್ಸ್. ಗಂಟಲಿನಲ್ಲಿ ಒಂದು ಎಳೆ ದನಿ ಉಳಿಸಿಕೊಂಡು ಓದಬೇಕು.

ನಾಯ್ಸ್ ಗೇಟ್ ಹಾಕಿ ಇನ್ನೊಂದು ಪೆಟ್ಟು ತಿಂದೆ. ನಿಗದಿ ಮಟ್ಟಕ್ಕಿಂತ ಕೆಳಗಿನ ಸದ್ದನ್ನೆಲ್ಲ ಅದು ಮುಚ್ಚಿಬಿಡುತ್ತದೆ. ನಮ್ಮ ವಾಕ್ಯದಲ್ಲಿ 'ಇಲ್ಲ' ಬರುವುದು ಕೊನೆಗೆ, ದನಿ ಇಳಿಯುವ ಜಾಗದಲ್ಲಿ. 'ಅವಳು ಬಾಗಿಲು ಹಾಕಿರಲಿಲ್ಲ' ಅನ್ನುವುದು 'ಹಾಕಿರಲಿ' ಅಂತ ನಿಂತುಬಿಟ್ಟಿತ್ತು. ಇಡೀ ಕಥೆ ನಿಂತಿರುವುದೇ ಆ ಬಾಗಿಲಿನ ಮೇಲೆ! ಗೇಟ್ ಕಿತ್ತುಹಾಕಿ, ಬಟ್ಟೆ ತುಂಬಿದ ವಾರ್ಡ್‌ರೋಬಿನ ಬಾಗಿಲು ತೆರೆದು, ಅದರೊಳಕ್ಕೆ ಮುಖ ಮಾಡಿ ಓದಿದೆ. ಮಾತಿನ ನಡುವಿನ ಮೌನಕ್ಕೆ ಅದೇ ಕೋಣೆಯ ಖಾಲಿ ಸದ್ದನ್ನು ತುಂಬಿದೆ. ಪೂರ್ತಿ ನಿಶ್ಶಬ್ದ ಹಾಕಿದರೆ ಕೇಳುವವರು ಫೋನ್ ನಿಂತಿತೇನೋ ಎಂದು ನೋಡುತ್ತಾರೆ.

ಅಳತೆಗೆ ಆಡಿಬಲ್‌ಗೆ ಆಡಿಯೋಬುಕ್ ಕಳಿಸುವ ವೇದಿಕೆಯಾದ ಎಸಿಎಕ್ಸ್‌ನ ನಿಯಮವನ್ನೇ ಮಾದರಿ ಮಾಡಿಕೊಂಡೆ: ಸರಾಸರಿ ಮಟ್ಟ ಮೈನಸ್ 23ರಿಂದ ಮೈನಸ್ 18 ಡೆಸಿಬಲ್ ಒಳಗೆ, ಪೀಕ್, ಅಂದರೆ ಅತಿ ಜೋರಾದ ಸದ್ದು, ಮೈನಸ್ 3 ದಾಟಬಾರದು, ಹಿನ್ನೆಲೆ ಸದ್ದು ಮೈನಸ್ 60ಕ್ಕಿಂತ ಕೆಳಗೆ. ತಪ್ಪಿದಲ್ಲೆಲ್ಲ ಪಂಚ್ ಅಂಡ್ ರೋಲ್, ಅಂದರೆ ಕೆಲವು ಸೆಕೆಂಡು ಹಿಂದಿನಿಂದ ಕೇಳಿಸಿಕೊಂಡು, ತಪ್ಪಿದ ಜಾಗದಿಂದ ಅದರ ಮೇಲೆಯೇ ಓದುವುದು. ಆಡಾಸಿಟಿ ಎಂಬ ಉಚಿತ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲೂ ಇದಿದೆ. ಆಮೇಲೆ ಪೂರ್ತಿ ಪುಸ್ತಕವನ್ನು ಒಂದೂವರೆ ಪಟ್ಟು ವೇಗದಲ್ಲಿ ಕೇಳಿದೆ, ಬಹಳ ಜನ ಹಾಗೇ ಕೇಳುತ್ತಾರೆ. ಎರಡು ಸೆಕೆಂಡಿನ ನನ್ನ ಹೆಮ್ಮೆಯ ಮೌನಗಳೆಲ್ಲ ಉಸಿರಿನಷ್ಟಾಗಿದ್ದವು. ಬರೀ ಮೌನವನ್ನು ನೆಚ್ಚಿಕೊಂಡಿದ್ದ ಐದಾರು ಕಡೆ ಅದರ ಹಿಂದಿನ ವಾಕ್ಯವನ್ನೇ ನಿಧಾನ ಮಾಡಿದೆ.

ಕೊನೆಗೆ ಉಳಿದದ್ದು ಒಂದು ಸಾಲು. ನಾಲ್ಕನೇ ಅಧ್ಯಾಯದಲ್ಲಿ, ಪರಿಚಯವಾದ ಹೊಸತರಲ್ಲಿ, ಅವನು ಮೆಟ್ಟಿಲಿಳಿಯುತ್ತಾ ಹೇಳುತ್ತಾನೆ: "ಬಾಗಿಲು ಭದ್ರವಾಗಿ ಹಾಕಿಕೊಳ್ಳಿ." ಮುಂದೆ 'ನೀವು' ಹೋಗಿ 'ನೀನು' ಬರುತ್ತದೆ. ಮುಟ್ಟುವುದೂ ಇಲ್ಲದ ಈ ಕಥೆಯಲ್ಲಿ ಪ್ರೀತಿಯೆಂದರೆ ಹೆಚ್ಚುಕಡಿಮೆ ಅಷ್ಟೇ. ಇಪ್ಪತ್ತೊಂದನೇ ಅಧ್ಯಾಯದಲ್ಲಿ, ಎಲ್ಲ ಬಯಲಾದ ಮೇಲೆ, ಅವನು ಮತ್ತೆ ಬಹುವಚನಕ್ಕೆ ಮರಳಿ ಅದೇ ಸಾಲು ಹೇಳುತ್ತಾನೆ.

ನಾಲ್ಕು ಬೆರಳಿನ ದೂರದಲ್ಲಿ, ಹಲ್ಲು ಕಚ್ಚಿ ಓದಿದೆ. ನಾಟಕದ ಖಳನ ಹಾಗಾಯಿತು. ನಗುತ್ತಾ ಓದಿದೆ, ಇನ್ನೂ ಕೆಟ್ಟಿತು. ಒಂಬತ್ತನೇ ಟೇಕಿಗೆ ಸಾಕಾಗಿ, ನಾಲ್ಕನೇ ಅಧ್ಯಾಯದ ಆ ಜಾಗವನ್ನು ಎರಡು ಸಲ ಕೇಳಿ, ಗೇಣು ದೂರಕ್ಕೆ ಸರಿದು, ಅದೇ ಕಾಳಜಿಯಲ್ಲಿ, ಮನೆಗೆ ಹೊರಟವನ ಅದೇ ಅವಸರದಲ್ಲಿ ಓದಿದೆ.

ಫೈಲ್ ಕಳಿಸಿದ ಮೂರನೇ ದಿನ ಲೇಖಕಿ ಫೋನ್ ಮಾಡಿದರು. "ಆ ಸಾಲು ನಾಲ್ಕನೇ ಅಧ್ಯಾಯದಿಂದ ತೆಗೆದು ಅಂಟಿಸಿದ್ದಾ?"

"ಇಲ್ಲ ಮೇಡಂ, ಬೇರೆಯಾಗೇ ಓದಿದ್ದು."

"ಹೌದಾ," ಅಂದರು. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. "ರಾತ್ರಿ ಎದ್ದು ಹೋಗಿ ನಮ್ಮ ಬಾಗಿಲು ನೋಡಿಬಂದೆ."