60 ಶಾಖೆ, 2 ಡೇಟಾ ಸೆಂಟರ್: ವಿಪಿಎನ್ ಬಾಕ್ಸ್ ಆರಿಸಿದ ನನ್ನ ಅನುಭವ

ನಮ್ಮ 60 ಶಾಖೆಗಳನ್ನು ಎರಡು ಡೇಟಾ ಸೆಂಟರ್‌ಗಳಿಗೆ ವಿಪಿಎನ್ ಬಾಕ್ಸ್ (ಇಂಟರ್ನೆಟ್ ಮೇಲೆ ಟನಲ್, ಅಂದರೆ ಗೂಢಲಿಪಿಯ ಖಾಸಗಿ ದಾರಿ, ಕಟ್ಟುವ ಸಾಧನ) ಬಳಸಿ ಜೋಡಿಸುವ ಕೆಲಸ ನನ್ನ ಪಾಲಿಗೆ ಬಂತು. ಮೊದಲು ಬ್ರೋಷರ್‌ನಲ್ಲಿದ್ದ ಥ್ರೂಪುಟ್ (ಸೆಕೆಂಡಿಗೆ ಎಷ್ಟು ಡೇಟಾ ಸಾಗಿಸುತ್ತದೆ ಅನ್ನೋ ಸಂಖ್ಯೆ) ನೋಡಿ ಬಾಕ್ಸ್‌ಗಳನ್ನು ಹೋಲಿಸಿದೆ. ಅದು ತಪ್ಪು. ಆ ಸಂಖ್ಯೆ ಸಾಮಾನ್ಯವಾಗಿ 1400 ಬೈಟ್ ಆಸುಪಾಸಿನ ದೊಡ್ಡ ಪ್ಯಾಕೆಟ್‌ಗಳದ್ದು, ಆದರೆ ನಮ್ಮಲ್ಲಿ ಫೋನ್ ಕರೆಗಳೇ ಜಾಸ್ತಿ, ಜಿ.711 (ಧ್ವನಿಯನ್ನು ಡೇಟಾ ಮಾಡುವ ಒಂದು ಮಾನದಂಡ) ಕರೆಯ ಒಂದು ಪ್ಯಾಕೆಟ್ ಹೆಡರ್ (ವಿಳಾಸದಂಥ ಮಾಹಿತಿ) ಸೇರಿ 200 ಬೈಟ್ ಅಷ್ಟೇ. ಅಂದರೆ ಅಷ್ಟೇ ಡೇಟಾಗೆ ಏಳು ಪಟ್ಟು ಪ್ಯಾಕೆಟ್, ಬಾಕ್ಸ್‌ಗೆ ಅಷ್ಟು ಹೆಚ್ಚು ಕೆಲಸ. ಸಣ್ಣ ಪ್ಯಾಕೆಟ್ ಹಾಕಿ ಅಳೆದಾಗ ಪಟ್ಟಿಯಲ್ಲಿ ಮೇಲಿದ್ದ ಒಂದು ಬಾಕ್ಸ್ ಕೆಳಗೆ ಹೋಯಿತು.

ಶಾಖೆ ಶಾಖೆಗೂ ನೇರ ಟನಲ್ ಬೇಕು ಅಂತ ಕೆಲವರು ಕೇಳಿದರು. 60 ಶಾಖೆಗೆ ಅದು 1770 ಟನಲ್ ಆಗುತ್ತದೆ. ಬೇಡ ಅಂದೆ. ಪ್ರತಿ ಶಾಖೆಗೆ ಎರಡು ಇಂಟರ್ನೆಟ್ ಲೈನ್, ಪ್ರತಿ ಲೈನ್‌ನಿಂದ ಎರಡೂ ಡೇಟಾ ಸೆಂಟರ್‌ಗೆ ಒಂದೊಂದು ಟನಲ್. ಒಟ್ಟು 240, ಒಂದು ಡೇಟಾ ಸೆಂಟರ್‌ಗೆ 120. ಯಾವ ದಾರಿ ಹಿಡಿಯಬೇಕು ಅನ್ನೋದನ್ನು ಬಿಜಿಪಿ ಎಂಬ ರೂಟಿಂಗ್ ಪ್ರೋಟೋಕಾಲ್‌ಗೆ ಬಿಟ್ಟೆ.

ನನಗೆ ನಿಜವಾಗಿ ಭಯ ಇದ್ದದ್ದು ಬೇರೆ ಕಡೆ. ಡೇಟಾ ಸೆಂಟರ್ ಬಾಕ್ಸ್ ಒಮ್ಮೆ ರೀಬೂಟ್ ಆದರೆ 120 ಟನಲ್‌ಗಳೂ ಒಟ್ಟಿಗೇ ಬಾಗಿಲು ಬಡಿಯುತ್ತವೆ, ಒಂದೊಂದಕ್ಕೂ ಡಿಫಿ-ಹೆಲ್‌ಮನ್ ಲೆಕ್ಕ (ಎರಡೂ ಕಡೆ ಒಂದೇ ರಹಸ್ಯ ಕೀಲಿ ಹುಟ್ಟಿಸುವ ಗಣಿತ) ಮಾಡಬೇಕು, ಆ ಹೊತ್ತಿಗೆ ಸಿಪಿಯು ಸೋತರೆ ಉತ್ತರ ತಡವಾಗುತ್ತದೆ, ಶಾಖೆಗಳು ಮತ್ತೆ ಮತ್ತೆ ಕೇಳುತ್ತವೆ, ಹೊರೆ ಇನ್ನೂ ಏರುತ್ತದೆ. 'ಎಷ್ಟು ಟನಲ್ ಹಿಡಿಸುತ್ತದೆ' ಅನ್ನೋದು ಎಲ್ಲರೂ ಹೇಳುತ್ತಾರೆ, 'ಸೆಕೆಂಡಿಗೆ ಎಷ್ಟು ಹೊಸ ಟನಲ್ ಕಟ್ಟುತ್ತದೆ' ಅನ್ನೋದನ್ನು ನಾವೇ ಕೇಳಬೇಕು. ನಾನು ಸ್ಟ್ರಾಂಗ್‌ಸ್ವಾನ್ ಎಂಬ ಓಪನ್ ಸೋರ್ಸ್ ವಿಪಿಎನ್ ತಂತ್ರಾಂಶದ ಲೋಡ್-ಟೆಸ್ಟರ್ ಪ್ಲಗಿನ್ ಇಟ್ಟು ಸ್ಯಾಂಪಲ್ ಬಾಕ್ಸ್‌ಗಳ ಮೇಲೆ ಒಟ್ಟಿಗೇ 120 ಟನಲ್ ಎಬ್ಬಿಸಿದೆ. ಆಯ್ಕೆ ಮುಗಿದದ್ದು ಆ ಟೆಸ್ಟ್‌ನಲ್ಲೇ.

ಶಾಖೆಯ ಬಾಕ್ಸ್‌ಗೆ ಅಷ್ಟು ಶಕ್ತಿ ಬೇಕಾಗಿಲ್ಲ. ಆದರೆ ಹಲವು ಶಾಖೆಗಳಿಗೆ ಸ್ವಂತ ಪಬ್ಲಿಕ್ ಐಪಿ (ಹೊರಗಿನಿಂದ ನೇರ ತಲುಪಬಹುದಾದ ಇಂಟರ್ನೆಟ್ ವಿಳಾಸ) ಇರಲಿಲ್ಲ, ಹಾಗಾಗಿ ಟನಲ್ ಅನ್ನು ಶಾಖೆಯೇ ಶುರು ಮಾಡಬೇಕು, ಯುಡಿಪಿ ಪೋರ್ಟ್ 4500ರ ಮೇಲೆ ನ್ಯಾಟ್ (ಹಲವರು ಒಂದೇ ಪಬ್ಲಿಕ್ ಐಪಿ ಹಂಚಿಕೊಳ್ಳುವ ವ್ಯವಸ್ಥೆ) ದಾಟಿ ಬರಬೇಕು. ಇದನ್ನು ಶಾಖೆಯ ನಿಜವಾದ ಲೈನ್‌ನಲ್ಲೇ ನೋಡಿ, ಲ್ಯಾಬ್‌ನಲ್ಲಿ ಎಲ್ಲವೂ ಚೆನ್ನಾಗಿಯೇ ಓಡುತ್ತದೆ.

ಮೊದಲ ಶಾಖೆಯಲ್ಲಿ ಪಿಂಗ್ ಹೋಗುತ್ತಿತ್ತು, ಲಾಗಿನ್ ಪುಟ ಬರುತ್ತಿತ್ತು, ದೊಡ್ಡ ಫೈಲ್ ಮಾತ್ರ ಅರ್ಧಕ್ಕೇ ನಿಲ್ಲುತ್ತಿತ್ತು. ಎರಡು ದಿನ ಸುಮ್ನೆ ಲೈನ್ ಕೊಟ್ಟವರನ್ನು ಬೈದೆ. ಐಪಿಸೆಕ್ (ಟನಲ್‌ನ ಗೂಢಲಿಪಿ ಪ್ರೋಟೋಕಾಲ್) ಹೆಡರ್ ಸೇರಿದ ಮೇಲೆ ಪ್ಯಾಕೆಟ್ ಲೈನ್‌ನ ಮಿತಿಯಾದ 1500 ಬೈಟ್ ಮೀರುತ್ತಿತ್ತು, ಟಿಸಿಪಿ ಎಂಎಸ್‌ಎಸ್ (ಒಂದು ಪ್ಯಾಕೆಟ್‌ನಲ್ಲಿ ತುಂಬುವ ಡೇಟಾದ ಗರಿಷ್ಠ ಗಾತ್ರ) 1360ಕ್ಕೆ ಇಳಿಸಿದ ಕೂಡಲೇ ಸರಿಹೋಯಿತು. ಈಗ ಆ ಸಾಲು ನಮ್ಮ ಕಾನ್ಫಿಗ್ ಟೆಂಪ್ಲೇಟ್‌ನಲ್ಲೇ ಇದೆ. ಶಾಖೆಯವರು ಬಾಕ್ಸ್‌ಗೆ ಕರೆಂಟ್ ಮತ್ತು ಎರಡು ಕೇಬಲ್ ಹಾಕಿದರೆ ಸಾಕು, ಉಳಿದ ಕಾನ್ಫಿಗ್ ತಾನೇ ಡೌನ್‌ಲೋಡ್ ಆಗುತ್ತದೆ. ಕೆಟ್ಟರೆ ಕಳಿಸಲು ಅದೇ ಮಾಡೆಲ್‌ನ ನಾಲ್ಕು ಬಾಕ್ಸ್ ಎತ್ತಿಟ್ಟಿದ್ದೇನೆ.