ಟಿಬಿ ಜೊತೆಗೆ ಸಕ್ಕರೆ, ಕಿಡ್ನಿ, ಲಿವರ್ ಕಾಯಿಲೆ ಇದ್ದಾಗ: ನನ್ನ ಅನುಭವ

ಔಷಧಕ್ಕೆ ಬಗ್ಗುವ ಶ್ವಾಸಕೋಶದ ಟಿಬಿಗೆ ದಿನದ ಡೋಸ್ ಲೆಕ್ಕ ಸರಳ. ದೇಹತೂಕದ ಪ್ರತಿ ಕಿಲೋಗೆ ಐಸೋನಿಯಜಿಡ್ 5 ಮಿ.ಗ್ರಾಂ, ರಿಫಾಂಪಿಸಿನ್ 10, ಪೈರಾಜಿನಮೈಡ್ 25, ಎಥಾಂಬುಟಾಲ್ 15. ತೊಡಕು ಇರುವುದು ರೋಗಿ ಮೊದಲಿನಿಂದ ನುಂಗುತ್ತಿರುವ ಮಾತ್ರೆಗಳಲ್ಲಿ. ಅದಕ್ಕೇ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತರಿಸಿ, ಒಂದೊಂದನ್ನೂ ನೋಡಿದ ಮೇಲೆಯೇ ಚಿಕಿತ್ಸೆ ಶುರು ಮಾಡುತ್ತೇನೆ. ಬಾಯಲ್ಲಿ ಹೇಳಿದ ಪಟ್ಟಿಯನ್ನು ನಂಬುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ರಿಫಾಂಪಿಸಿನ್. ಅದು ಲಿವರ್‌ನ ಕಿಣ್ವಗಳನ್ನು ಚುರುಕುಗೊಳಿಸುತ್ತದೆ. ಒಂದೆರಡು ವಾರದಲ್ಲೇ ಉಳಿದ ಔಷಧಗಳ ಮಟ್ಟ ರಕ್ತದಲ್ಲಿ ಕುಸಿಯುತ್ತದೆ. ಅಮ್ಲೋಡಿಪಿನ್‌ನಲ್ಲಿ ಹಿಡಿತಕ್ಕೆ ಬಂದಿದ್ದ ಬಿಪಿ ಮತ್ತೆ ಏರುತ್ತದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರ ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ಸಮಯದ ಅಳತೆ) ಇಳಿಯುತ್ತದೆ, ಹಾಗಾಗಿ ಮೊದಲ ವಾರಗಳಲ್ಲಿ ಪದೇ ಪದೇ ನೋಡಲೇಬೇಕು. ಅದೇ ಕೆಲಸದ ಅಪಿಕ್ಸಬಾನ್, ರಿವರೋಕ್ಸಬಾನ್ ಇದ್ದರೆ ಬದಲಿಸುತ್ತೇನೆ. ಅವುಗಳ ಪರಿಣಾಮವನ್ನು ಐಎನ್‌ಆರ್‌ನಿಂದ ಅಳೆಯಲಾಗದು. ಬಹುಕಾಲದಿಂದ ಪ್ರೆಡ್ನಿಸೋಲೋನ್ ಎಂಬ ಸ್ಟೆರಾಯ್ಡ್ ತೆಗೆದುಕೊಳ್ಳುವವರಿಗೆ ಸಾಮಾನ್ಯವಾಗಿ ಡೋಸ್ ಇಮ್ಮಡಿ ಬೇಕಾಗುತ್ತದೆ. ಇದನ್ನು ಮರೆತರೆ ಸುಸ್ತು, ವಾಂತಿ, ಬಿಪಿ ಇಳಿತ ಕಾಣಿಸುತ್ತದೆ. ಎಲ್ಲರೂ ಟಿಬಿ ಮಾತ್ರೆಯನ್ನೇ ದೂರುತ್ತಾರೆ.

ಸಕ್ಕರೆ ಕಾಯಿಲೆಯಲ್ಲಿ ಗ್ಲಿಮೆಪಿರೈಡ್‌ನಂಥ ಮಾತ್ರೆಗಳು ರಿಫಾಂಪಿಸಿನ್ ಮುಂದೆ ಸೊರಗುತ್ತವೆ. ಇಜಿಎಫ್‌ಆರ್ (ಕಿಡ್ನಿ ರಕ್ತ ಶೋಧಿಸುವ ವೇಗದ ಅಂದಾಜು) 30ಕ್ಕಿಂತ ಕಡಿಮೆ ಇಲ್ಲದಿದ್ದರೆ ಮೆಟ್‌ಫಾರ್ಮಿನ್ ನಡೆಯುತ್ತದೆ, ಆದರೆ ಅದೂ ರಿಫಾಂಪಿಸಿನ್ ಕೂಡ ಸೇರಿ ಹೊಟ್ಟೆ ಕೆಡಿಸುವುದುಂಟು. ಊಟ ಸೇರದ, ತೂಕ ಇಳಿದ ರೋಗಿಗೆ ಮೊದಲ 2 ತಿಂಗಳು ಇನ್ಸುಲಿನ್ ಕೊಡುವುದೇ ನನಗೆ ನೆಮ್ಮದಿ. ಸೋಂಕಿನಿಂದಲೇ ಏರಿದ್ದ ಸಕ್ಕರೆ ಜ್ವರ ಬಿಟ್ಟಂತೆ ಇಳಿಯುವುದರಿಂದ ಇನ್ಸುಲಿನ್ ಡೋಸನ್ನು ಹಾಗೇ ಬಿಡಬಾರದು. ಐಸೋನಿಯಜಿಡ್‌ನಿಂದ ಬರುವ ನರಗಳ ಉರಿ ತಡೆಯಲು ಪಿರಿಡಾಕ್ಸಿನ್ (ವಿಟಮಿನ್ ಬಿ6) 10ರಿಂದ 25 ಮಿ.ಗ್ರಾಂ ದಿನವೂ ಸೇರಿಸುತ್ತೇನೆ. ಎಥಾಂಬುಟಾಲ್ ಕೊಡುವ ಮೊದಲೇ ದೃಷ್ಟಿ, ಬಣ್ಣ ಗುರುತಿಸುವ ಶಕ್ತಿ ಎರಡನ್ನೂ ಬರೆದಿಡಬೇಕು; ಇಲ್ಲದಿದ್ದರೆ ಮುಂದೆ ಕಣ್ಣು ಮಂಜಾದಾಗ ಸಕ್ಕರೆಯಿಂದಲೋ ಔಷಧದಿಂದಲೋ ಹೇಳುವುದು ಕಷ್ಟ.

ಕಿಡ್ನಿ ಸೋತವರಲ್ಲಿ ಐಸೋನಿಯಜಿಡ್, ರಿಫಾಂಪಿಸಿನ್ ಎಂದಿನಂತೆ. ಕ್ರಿಯಾಟಿನಿನ್ ಕ್ಲಿಯರೆನ್ಸ್ (ಇದೂ ಕಿಡ್ನಿಯ ಶೋಧನೆಯ ಅಳತೆ) 30ಕ್ಕಿಂತ ಕಡಿಮೆಯಿದ್ದರೆ ಪೈರಾಜಿನಮೈಡ್ ಮತ್ತು ಎಥಾಂಬುಟಾಲ್ ವಾರಕ್ಕೆ ಮೂರು ಸಲ ಮಾತ್ರ. ಒಂದು ಸಲದ ಡೋಸ್ ಕಡಿಮೆ ಮಾಡುವುದಿಲ್ಲ, ಅಂತರ ಹೆಚ್ಚಿಸುತ್ತೇವೆ. ಹೀಗಾಗಿ ನಾಲ್ಕೂ ಸೇರಿದ ಸಂಯುಕ್ತ ಮಾತ್ರೆ ಇವರಿಗೆ ಆಗದು. ಡಯಾಲಿಸಿಸ್ ಇದ್ದರೆ ಮಾತ್ರೆ ಅದು ಮುಗಿದ ನಂತರವೇ. ಮೊದಲೇ ಕೊಟ್ಟರೆ ಔಷಧ ಯಂತ್ರದ ಪಾಲು.

ಲಿವರ್‌ನಲ್ಲಿ ಎರಡು ಗೆರೆ ನೆನಪಿಡಿ. ವಾಕರಿಕೆ, ಹೊಟ್ಟೆನೋವು, ಕಾಮಾಲೆ ಇದ್ದು ಎಸ್‌ಜಿಪಿಟಿ (ಲಿವರ್‌ಗೆ ಏಟಾದಾಗ ರಕ್ತದಲ್ಲಿ ಏರುವ ಕಿಣ್ವ) ಸಾಮಾನ್ಯ ಮಿತಿಯ 3 ಪಟ್ಟು ದಾಟಿದರೆ, ಅಥವಾ ಲಕ್ಷಣವೇನೂ ಇಲ್ಲದೆ 5 ಪಟ್ಟು ದಾಟಿದರೆ, ಐಸೋನಿಯಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮೂರನ್ನೂ ಅಂದೇ ನಿಲ್ಲಿಸಬೇಕು. ಎಸ್‌ಜಿಪಿಟಿ 2 ಪಟ್ಟಿಗಿಂತ ಕೆಳಗಿಳಿದ ಮೇಲೆ ಮೊದಲು ರಿಫಾಂಪಿಸಿನ್, ಸುಮಾರು ಒಂದು ವಾರದ ನಂತರ ಪರೀಕ್ಷೆ ನೋಡಿ ಐಸೋನಿಯಜಿಡ್. ಏಟು ಜೋರಾಗಿದ್ದರೆ ಪೈರಾಜಿನಮೈಡ್ ಮತ್ತೆ ಮುಟ್ಟುವುದಿಲ್ಲ. ಅದಿಲ್ಲದೆ ಚಿಕಿತ್ಸೆ 9 ತಿಂಗಳಿಗೆ ಹೋಗುತ್ತದೆ. ಸಿರೋಸಿಸ್ (ಲಿವರ್ ಗಟ್ಟಿಯಾಗುವ ಕಾಯಿಲೆ) ಇದ್ದವರಿಗೆ ಪೈರಾಜಿನಮೈಡನ್ನು ಆರಂಭದಿಂದಲೇ ಬಿಡುವುದು ಒಳಿತು.

ರಿಫಾಂಪಿಸಿನ್ ನಿಂತ ಮೇಲಿನ ದಿನಗಳನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಕಿಣ್ವಗಳ ಚುರುಕು ಸುಮಾರು 2 ವಾರದಲ್ಲಿ ಇಳಿಯುತ್ತದೆ. ಏರಿಸಿಟ್ಟಿದ್ದ ವಾರ್ಫರಿನ್ ಆಗ ರಕ್ತಸ್ರಾವ ತರುತ್ತದೆ, ಗ್ಲಿಮೆಪಿರೈಡ್ ಸಕ್ಕರೆಯನ್ನು ಪಾತಾಳಕ್ಕಿಳಿಸುತ್ತದೆ. ಅದಕ್ಕೆ ಕೊನೆಯ ಮಾತ್ರೆಯ ದಿನವೇ ಮುಂದಿನ ವಾರದ ಐಎನ್‌ಆರ್, ಸಕ್ಕರೆ, ಬಿಪಿ ಪರೀಕ್ಷೆಗೆ ದಿನ ಗೊತ್ತು ಮಾಡಿ, ಡೋಸ್‌ಗಳನ್ನು ಹಂತಹಂತವಾಗಿ ಇಳಿಸುತ್ತೇನೆ. ಎಚ್‌ಐವಿ ಇರುವವರಿಗೆ ರಿಫಾಂಪಿಸಿನ್ ಕಾರಣದಿಂದ ದಿನಕ್ಕೆರಡು ಸಲ ಮಾಡಿದ್ದ 50 ಮಿ.ಗ್ರಾಂ ಡೊಲುಟೆಗ್ರಾವಿರ್ ಆ 2 ವಾರವೂ ಹಾಗೇ ಮುಂದುವರಿಯಬೇಕು. ಒಂದು ಸಲಕ್ಕೆ ಇಳಿಸುವುದು ಅದಾದ ಮೇಲೆ.