ಶಾರ್ಪನಿಂಗ್‌ಗೆ ಯಾವ ಹಂತ ಸರಿ? ನನ್ನ ಅನುಭವ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಶಿಲ್ಪಗಳನ್ನು ರಾ ಫೈಲ್‌ಗಳಾಗಿ (ಕ್ಯಾಮೆರಾ ಸಂಸ್ಕರಿಸದ ಮೂಲ ರೂಪದಲ್ಲಿ) ತೆಗೆದು ಲೈಟ್‌ರೂಮ್ ಎಂಬ ತಂತ್ರಾಂಶದಲ್ಲಿ ತಿದ್ದುವಾಗ ನಾನು ಶಾರ್ಪನಿಂಗನ್ನು, ಅಂದರೆ ಅಂಚುಗಳನ್ನು ಚುರುಕಾಗಿಸುವ ಕೆಲಸವನ್ನು, ಎರಡು ಸಲ ಮಾಡುತ್ತೇನೆ: ಆರಂಭದಲ್ಲಿ ಹದವಾಗಿ, ಚಿತ್ರದ ಅಳತೆ ನಿಗದಿಯಾದ ಮೇಲೆ ಕೊನೆಯಲ್ಲಿ ಮತ್ತೊಮ್ಮೆ.

ಮೊದಲನೆಯದು ನಷ್ಟ ತುಂಬಿಕೊಳ್ಳುವುದಕ್ಕೆ. ಸಾಮಾನ್ಯ ಸೆನ್ಸರಿನ ಒಂದೊಂದು ಪಿಕ್ಸೆಲ್ಲೂ ಒಂದೇ ಬಣ್ಣವನ್ನು ದಾಖಲಿಸುತ್ತದೆ. ಉಳಿದೆರಡನ್ನು ನೆರೆಯ ಪಿಕ್ಸೆಲ್‌ಗಳಿಂದ ಊಹಿಸಬೇಕಾಗುವುದರಿಂದ ರಾ ಚಿತ್ರ ತುಸು ಮಂಕಾಗಿಯೇ ಕಾಣುತ್ತದೆ. ಜೆಪೆಗ್ ಆದರೆ ಕ್ಯಾಮೆರಾವೇ ಈ ಮೊದಲ ಶಾರ್ಪನಿಂಗನ್ನು ಮುಗಿಸಿರುತ್ತದೆ, ಅದನ್ನು ಮತ್ತೆ ಮುಟ್ಟುವುದಿಲ್ಲ. ಲೈಟ್‌ರೂಮ್ ತಾನಾಗಿಯೇ ಕೊಡುವ ಅಮೌಂಟ್ (ಶಾರ್ಪನಿಂಗಿನ ಪ್ರಮಾಣ) 40, ರೇಡಿಯಸ್ (ಅಂಚಿನಿಂದ ಎಷ್ಟು ದೂರದವರೆಗೆ ತಾಗಬೇಕೆಂಬುದು) 1.0 ಕೆಟ್ಟದ್ದೇನಲ್ಲ. ಆದರೆ ಬಳಪದ ಕಲ್ಲಿನಲ್ಲಿ ಕೊರೆದ ದ್ವಾರಪಾಲಕರ ಹಾರಗಳಂಥ ಕುಸುರಿಗೆ ರೇಡಿಯಸ್ಸನ್ನು 0.8ಕ್ಕೆ ಇಳಿಸುತ್ತೇನೆ. ಬಳಿಕ ಆಲ್ಟ್ ಕೀಲಿಯನ್ನು ಒತ್ತಿ ಹಿಡಿದು ಮಾಸ್ಕಿಂಗ್ ಸ್ಲೈಡರನ್ನು ಎಳೆದರೆ ಪರದೆ ಕಪ್ಪು ಬಿಳುಪಾಗುತ್ತದೆ. ಬಿಳಿಯಿರುವ ಕಡೆ ಮಾತ್ರ ಶಾರ್ಪನಿಂಗ್ ತಾಗುತ್ತದೆ. ಆಕಾಶವೂ ನುಣುಪಾದ ಕಲ್ಲೂ ಕಪ್ಪಾಗಿ, ಮಣಿಗಳ ಅಂಚುಗಳಷ್ಟೇ ಬೆಳ್ಳಗೆ ಉಳಿಯುವವರೆಗೆ ಎಳೆಯುತ್ತೇನೆ. ದೇವಾಲಯದ ಒಳಮಂಟಪವಾದ ನವರಂಗದ ಅರೆಗತ್ತಲಲ್ಲಿ ಹೆಚ್ಚಿನ ಐಎಸ್ಒದಲ್ಲಿ (ಬೆಳಕಿಗೆ ಕ್ಯಾಮೆರಾದ ಸಂವೇದನೆಯನ್ನು ಏರಿಸಿ) ತೆಗೆದ ಚಿತ್ರಗಳಿಗೆ ಇದು ಅನಿವಾರ್ಯ, ಇಲ್ಲವಾದರೆ ಶಿಲ್ಪಕ್ಕಿಂತ ನಾಯ್ಸ್‌ನ ಕಾಳುಗಳೇ ಎದ್ದು ಕಾಣುತ್ತವೆ.

ಲೈಟ್‌ರೂಮ್‌ನಲ್ಲಿ ಸ್ಲೈಡರ್‌ಗಳನ್ನು ಯಾವ ಕ್ರಮದಲ್ಲಿ ಮುಟ್ಟಿದರೂ ವ್ಯತ್ಯಾಸವಾಗದು, ತಂತ್ರಾಂಶ ತನ್ನದೇ ಕ್ರಮವನ್ನು ಅನುಸರಿಸುತ್ತದೆ. ಫೋಟೊಶಾಪ್‌ನಲ್ಲಿ ಹಾಗಲ್ಲ. ಅಲ್ಲಿ ಮೊದಲೇ ಜೋರಾಗಿ ಶಾರ್ಪನ್ ಮಾಡಿ ಆಮೇಲೆ ಕಾಂಟ್ರಾಸ್ಟ್ ಏರಿಸಿದರೆ ಗೋಪುರವಿಲ್ಲದ ಆ ದೇವಾಲಯದ ಮೇಲಂಚಿನುದ್ದಕ್ಕೂ, ಆಕಾಶದ ಕಡೆಗೆ, ಬಿಳಿಗೆರೆಯೊಂದು ಮೂಡುತ್ತದೆ. ಅದನ್ನು ಆಮೇಲೆ ಅಳಿಸುವುದು ಬಲು ಕಷ್ಟ.

ಆದ್ದರಿಂದ ನಿಜವಾದ ಶಾರ್ಪನಿಂಗನ್ನು ಕೊನೆಗೆ ಇಟ್ಟುಕೊಳ್ಳುತ್ತೇನೆ. 6000 ಪಿಕ್ಸೆಲ್ ಅಗಲದ ಚಿತ್ರವನ್ನು ಜಾಲತಾಣಕ್ಕಾಗಿ 2048ಕ್ಕೆ ಕುಗ್ಗಿಸಿದಾಗ ಸೂಕ್ಷ್ಮ ವಿವರಗಳು ಒಂದರೊಳಗೊಂದು ಬೆರೆತು ಅಂಚುಗಳು ಮೆತ್ತಗಾಗುತ್ತವೆ; ದೊಡ್ಡ ಅಳತೆಯಲ್ಲಿ ಪಟ್ಟ ಶ್ರಮದಲ್ಲಿ ಬಹುಪಾಲು ಅಲ್ಲಿಗೆ ಹೋಯಿತು. ಕುಗ್ಗಿಸಿದ ಪ್ರತಿಯ ಮೇಲೆ ಫೋಟೊಶಾಪ್‌ನಲ್ಲಿ ಬೇರೊಂದು ಲೇಯರ್ (ಪದರ) ಮಾಡಿ, ಅನ್‌ಶಾರ್ಪ್ ಮಾಸ್ಕ್ ಎಂಬ ಶಾರ್ಪನಿಂಗ್ ಫಿಲ್ಟರನ್ನು 0.3ರಿಂದ 0.5 ರೇಡಿಯಸ್ಸಿನಲ್ಲಿ ಹಾಕಿ, ಅಂಚಿನಲ್ಲಿ ಬಣ್ಣದ ಗೆರೆ ಹುಟ್ಟದಂತೆ ಬ್ಲೆಂಡ್ ಮೋಡನ್ನು (ಪದರ ಕೆಳಗಿನ ಚಿತ್ರದೊಡನೆ ಬೆರೆಯುವ ಬಗೆಯನ್ನು) ಹೊಳಪಿಗಷ್ಟೇ ತಾಗುವ ಲುಮಿನಾಸಿಟಿಗೆ ಬದಲಿಸುತ್ತೇನೆ. ನೋಡುವುದು 100 ಪ್ರತಿಶತದಲ್ಲೇ. ಮೂಲ ಕಡತಕ್ಕೆ ಇದು ಸೇರುವುದಿಲ್ಲ.

ಮ್ಯಾಟ್ ಕಾಗದ ಶಾಯಿಯನ್ನು ಹೀರಿ ಹರಡಿಸುವುದರಿಂದ, ಮುದ್ರಣದ ಪ್ರತಿ ಪರದೆಯ ಮೇಲೆ ಸ್ವಲ್ಪ ಒರಟಾಗಿ ಕಂಡರೂ ಚಿಂತೆಯಿಲ್ಲ. ಆದರೆ ಕೆಲವು ಲ್ಯಾಬ್‌ಗಳು ತಾವೇ ಶಾರ್ಪನ್ ಮಾಡಿ ಮುದ್ರಿಸುತ್ತವೆ. ಹಾಗಾಗಿ ಫೈಲ್ ಕಳುಹಿಸುವ ಮೊದಲು ಅದನ್ನು ಕೇಳಿ ತಿಳಿದುಕೊಂಡು, ಅಂಥ ಕಡೆಗೆ ಕೊನೆಯ ಹಂತವಿಲ್ಲದ ಪ್ರತಿಯನ್ನೇ ಕೊಡುತ್ತೇನೆ.